ಸತ್ತದ್ದಕ್ಕೆ ಸಾಕ್ಷಿ

ವಿಡಿಯೋ ಗೇಮಿನ ಪಾತ್ರವೊಂದು ಒಮ್ಮೆ ಸತ್ತರೆ ಮತ್ತೆ ಏಳುವಂತಿಲ್ಲ ಎಂಬ ನಿಯಮಕ್ಕೆ ಆಟಗಾರರ ವಲಯದಲ್ಲಿ ಪರ್ಮಾಡೆತ್, ಅಂದರೆ ಶಾಶ್ವತ ಸಾವು, ಎಂಬ ಹೆಸರಿದೆ. ಮೇಲ್ನೋಟಕ್ಕೆ ಇದು ಆಟ ಎಷ್ಟು ಕಠಿಣ ಎಂಬುದಕ್ಕೆ ಸಂಬಂಧಿಸಿದ ಮಾತಿನಂತೆ ಕಂಡರೂ, ಕಂಪ್ಯೂಟರಿನ ಮಟ್ಟಿಗೆ ಅದು ಒಂದು ಫೈಲಿನ ಪ್ರಶ್ನೆ: ಪಾತ್ರದ ಹೆಸರು, ಬಲ, ಗಳಿಕೆ, ನಿಂತಿರುವ ಜಾಗ ಇವನ್ನೆಲ್ಲ ಬರೆದಿಟ್ಟ ಫೈಲು ಯಾರ ಯಂತ್ರದಲ್ಲಿದೆ, ಅದನ್ನು ಅಳಿಸುವ ಹಕ್ಕು ಯಾರದು, ಅಳಿಸುವ ಮುಂಚೆ ಅದರ ನಕಲು ತೆಗೆದಿಟ್ಟುಕೊಳ್ಳಲು ಯಾರಿಗೆ ಸಾಧ್ಯ. ಈ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಸಿಕ್ಕ ಉತ್ತರಗಳು ಹಲವು. ಅವುಗಳಲ್ಲೆಲ್ಲ ವಿಚಿತ್ರವಾದದ್ದು, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಒಂದು ಗುಂಪು, ಕಂಪನಿ ವಿಧಿಸದ ಸಾವನ್ನು ತಾವೇ ಬರೆದ ಆಡ್-ಆನ್ ಒಂದರ ನೆರವಿನಿಂದ ತಮ್ಮ ಮೇಲೆ ಹೇರಿಕೊಂಡು, ನಾಲ್ಕು ವರ್ಷಗಳೊಳಗೆ ಕಂಪನಿಯೇ ಅದನ್ನು ಒಪ್ಪಿಕೊಳ್ಳುವಂತೆ ಮಾಡಿದ ಪ್ರಸಂಗ. ಮೂಲ ಆಟಕ್ಕೆ ಹೊರಗಿನಿಂದ ಜೋಡಿಸುವ ಸಣ್ಣ ಪ್ರೋಗ್ರಾಮಿಗೆ ಆಡ್-ಆನ್ ಎನ್ನುತ್ತಾರೆ. ಆಟದ ಒಳಗಿನ ಲೋಕವನ್ನೇ ಬದಲಿಸುವಷ್ಟು ಆಳಕ್ಕಿಳಿದರೆ ಅದಕ್ಕೆ ಮಾಡ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ.

ಈ ಕಥೆಯ ಮೂಲ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೊಠಡಿಗಳಲ್ಲಿದೆ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಝ್ ಆವರಣದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ರೋಗ್ ಎಂಬ ಆಟವನ್ನು ಬರೆಯತೊಡಗಿದರು. ಟಾಯ್ ಬರ್ಕ್ಲಿಗೆ ಹೋದ ಮೇಲೆ ಕೆನ್ ಆರ್ನಾಲ್ಡ್ ಅವರೂ ಕೈಜೋಡಿಸಿದರು. ಚಿತ್ರಗಳೇ ಇಲ್ಲದ ಆ ಆಟದಲ್ಲಿ ನೆಲಮಾಳಿಗೆಯ ಗೋಡೆಗಳು ಅಡ್ಡಗೆರೆ, ಉದ್ದಗೆರೆಗಳಾಗಿ, ರಾಕ್ಷಸರು ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರಗಳಾಗಿ ಪರದೆಯ ಮೇಲೆ ಮೂಡುತ್ತಿದ್ದವು, ಮತ್ತು ಪ್ರತಿ ಬಾರಿ ಹೊಸದಾಗಿ ಆರಂಭಿಸಿದಾಗ ನೆಲಮಾಳಿಗೆಯ ನಕ್ಷೆಯೇ ಬದಲಾಗುತ್ತಿತ್ತು. ಆಟವನ್ನು ಅರ್ಧಕ್ಕೆ ನಿಲ್ಲಿಸಿ ಉಳಿಸಿಡಬಹುದಿತ್ತಾದರೂ, ಉಳಿಸಿದ ಫೈಲನ್ನು ಮತ್ತೆ ತೆರೆದ ಕೂಡಲೇ ಪ್ರೋಗ್ರಾಮು ಅದನ್ನು ಡಿಸ್ಕಿನಿಂದ ಅಳಿಸಿಬಿಡುತ್ತಿತ್ತು. ಸತ್ತರೆ ತೆರೆಯ ಮೇಲೆ ಗೋರಿಕಲ್ಲಿನ ಚಿತ್ರ, ಅದರ ಮೇಲೆ ಆಟಗಾರನ ಹೆಸರು, ಕೂಡಿಟ್ಟ ಚಿನ್ನ, ಕೊಂದವರು ಯಾರೆಂಬ ವಿವರ. ಇದರ ಉದ್ದೇಶ ಆಟಗಾರನನ್ನು ಗೋಳುಹೊಯ್ದುಕೊಳ್ಳುವುದಾಗಿರಲಿಲ್ಲ. ಏನೆಂದು ತಿಳಿಯದ ಮದ್ದನ್ನು ಕುಡಿಯಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಒಂದು ತೂಕ ಬರಬೇಕಾದರೆ ಅದನ್ನು ಹಿಂದಕ್ಕೆ ಪಡೆಯಲಾಗದಂತಿರಬೇಕು ಎಂಬುದಷ್ಟೇ ಅದರ ಹಿಂದಿನ ಯೋಚನೆ.

ಆಟಗಾರರು ಸುಮ್ಮನಿರಲಿಲ್ಲ. ಉಳಿಸಿದ ಫೈಲಿನ ನಕಲನ್ನು ಬೇರೆಡೆ ಬಚ್ಚಿಟ್ಟು, ಪಾತ್ರ ಸತ್ತಾಗ ಆ ನಕಲಿನಿಂದ ಮತ್ತೆ ಶುರುಮಾಡುವ ಉಪಾಯ ಬೇಗನೆ ರೂಢಿಗೆ ಬಂತು. ಸೇವ್ ಸ್ಕಮ್ಮಿಂಗ್ ಎಂಬ ಬೈಗುಳದಂಥ ಹೆಸರೂ ಅದಕ್ಕೆ ಅಂಟಿಕೊಂಡಿತು. ಮುಂದೆ 1987ರಲ್ಲಿ ಹೊರಬಂದ ನೆಟ್‌ಹ್ಯಾಕ್ ಇದನ್ನು ತಡೆಯಲು ಯೂನಿಕ್ಸ್ ವ್ಯವಸ್ಥೆಯ ಅನುಮತಿಗಳನ್ನೇ ಬಳಸಿಕೊಂಡಿತು. ಹಲವರು ಹಂಚಿಕೊಂಡು ಬಳಸುವ ಯಂತ್ರದಲ್ಲಿ ಆಟದ ಪ್ರೋಗ್ರಾಮಿಗೆ ಮಾತ್ರ ಪ್ರವೇಶವಿರುವ ಒಂದು ಡೈರೆಕ್ಟರಿಯಲ್ಲಿ ಉಳಿಸಿದ ಫೈಲುಗಳನ್ನು ಇಟ್ಟರೆ, ಆಟಗಾರ ಆಡಬಲ್ಲನೇ ಹೊರತು ತನ್ನದೇ ಪಾತ್ರದ ಫೈಲನ್ನು ಮುಟ್ಟಲಾರ. ಶಾಶ್ವತ ಸಾವು ಯಂತ್ರದ ನಿಯಮವಾಗಿ ನಿಲ್ಲಬೇಕಾದರೆ ಆಡುವವನು ಬೇರೆ, ಯಂತ್ರದ ಯಜಮಾನ ಬೇರೆ ಆಗಿರಬೇಕು ಎಂಬ ಗುಟ್ಟು ಆಗಲೇ ಸಿದ್ಧವಾಗಿತ್ತು. ಎಲ್ಲರ ಫೈಲುಗಳೂ ಹೀಗೆ ಒಂದೇ ಕಡೆ ಇದ್ದುದರ ಒಂದು ಸೊಗಸಾದ ಪರಿಣಾಮವೂ ನೆಟ್‌ಹ್ಯಾಕಿನಲ್ಲಿತ್ತು: ಒಬ್ಬನ ಪಾತ್ರ ಸತ್ತ ನೆಲಮಾಳಿಗೆಯ ಅಂತಸ್ತನ್ನು ಪ್ರೋಗ್ರಾಮು ಕೆಲವೊಮ್ಮೆ ಎತ್ತಿಟ್ಟುಕೊಂಡು, ಮತ್ತೊಬ್ಬನ ಆಟದಲ್ಲಿ ಸತ್ತವನ ಪ್ರೇತ ಮತ್ತು ಅವನು ಹೊತ್ತಿದ್ದ ಸಾಮಾನುಗಳ ಸಮೇತ ಹಾಜರುಪಡಿಸುತ್ತಿತ್ತು.

ಮನೆಮನೆಗೆ ಕಂಪ್ಯೂಟರ್ ಬಂದಾಗ ಈ ಏರ್ಪಾಡು ಕುಸಿಯಿತು. ಯಂತ್ರದ ಯಜಮಾನನೇ ಆಟಗಾರನಾದ ಮೇಲೆ ಫೈಲನ್ನು ನಕಲು ಮಾಡದಂತೆ ಅವನನ್ನು ತಡೆಯುವವರಾರು? 2011ರ ನವೆಂಬರ್ 11ರಂದು ಬೆಥೆಸ್ಡಾ ಸಂಸ್ಥೆ ಹೊರತಂದ ಸ್ಕೈರಿಮ್ ಎಂಬ ಆಟ ಈ ಸ್ಥಿತಿಯ ತುತ್ತತುದಿ. ಅದರಲ್ಲಿ ಒಂದು ಕೀ ಒತ್ತಿದರೆ ಆಟ ಉಳಿಯುತ್ತದೆ, ಇನ್ನೊಂದು ಒತ್ತಿದರೆ ಸತ್ತವನು ಅರೆಕ್ಷಣದಲ್ಲಿ ಎದ್ದು ನಿಲ್ಲುತ್ತಾನೆ. ಅಷ್ಟೇ ಅಲ್ಲದೆ 2012ರ ಫೆಬ್ರವರಿಯಲ್ಲಿ ಕಂಪನಿ ಕ್ರಿಯೇಷನ್ ಕಿಟ್ ಎಂಬ ಉಪಕರಣವನ್ನು ಉಚಿತವಾಗಿ ಕೊಟ್ಟದ್ದರಿಂದ, ಚಳಿಯಲ್ಲಿ ಹೆಪ್ಪುಗಟ್ಟಿ ಸಾಯುವ ವ್ಯವಸ್ಥೆಯಿಂದ ಹಿಡಿದು ಶತ್ರುಗಳ ಬಲಾಬಲವನ್ನೇ ತಲೆಕೆಳಗು ಮಾಡುವ ರೆಕ್ವಿಯಮ್‌ವರೆಗೆ ಸಾವಿರಾರು ಮಾಡ್‌ಗಳು ಹುಟ್ಟಿಕೊಂಡವು. ಈ ಆಟವನ್ನು ಮಾಡ್‌ಗಳಿಂದ ತುಂಬಿ, ಜೊತೆಗೆ ಒಂದೇ ಜೀವ ಎಂಬ ನಿಯಮ ಹಾಕಿಕೊಂಡು ಆಡುವ ಒಂದು ಪಂಥವೇ ಇದೆ. ಇಲ್ಲಿ ಸಾವನ್ನು ಜಾರಿಗೊಳಿಸುವವನು ಆಟಗಾರನೇ. ಪಾತ್ರ ಸತ್ತಾಗ ಅದರ ಫೈಲುಗಳಿರುವ ಫೋಲ್ಡರಿಗೆ ಹೋಗಿ ತನ್ನ ಕೈಯಾರೆ ಅಳಿಸಬೇಕು. ಏಕಾದಶಿಯ ಉಪವಾಸದಂತೆ ಇದೂ ಅಡುಗೆಮನೆಯ ಬಾಗಿಲು ತೆರೆದೇ ಇರುವಾಗ ಪಾಲಿಸಬೇಕಾದ ನೇಮ.

ಆ ನೇಮ ಕೆಡುವುದು ಹಲವು ಬಾರಿ ಆಟಗಾರನ ದೌರ್ಬಲ್ಯದಿಂದಲ್ಲ, ಮಾಡ್‌ಗಳ ಒಳಜಗಳದಿಂದ ಎಂಬುದನ್ನು ಅರಿಯಲು ಅವು ಆಟಕ್ಕೆ ಸೇರುವ ಬಗೆಯನ್ನು ಸ್ವಲ್ಪ ನೋಡಬೇಕು. ಸ್ಕೈರಿಮ್ ಲೋಕದ ಪ್ರತಿ ವಸ್ತುವಿಗೂ ಎಂಟು ಅಂಕಿಗಳ ಒಂದು ಗುರುತುಸಂಖ್ಯೆಯಿದೆ. ಚಿನ್ನದ ನಾಣ್ಯದ ಗುರುತು ಏಳು ಸೊನ್ನೆಗಳ ನಂತರ ಎಫ್. ಹದಿನಾರರ ಮಾನದಲ್ಲಿ ಬರೆಯುವ ಈ ಸಂಖ್ಯೆಯ ಮೊದಲ ಎರಡು ಸ್ಥಾನ ಆ ವಸ್ತು ಯಾವ ಫೈಲಿನಿಂದ ಬಂತು ಎಂಬುದನ್ನು ಹೇಳುತ್ತದೆ: ಮೂಲ ಆಟದ ಫೈಲಿಗೆ ಸೊನ್ನೆ-ಸೊನ್ನೆ, ಅದರ ಹಿಂದೆ ಸಾಲಾಗಿ ಉಳಿದವು. ಎರಡೇ ಸ್ಥಾನಗಳಿರುವುದರಿಂದ ಮೂಲ ಆಟವೂ ಸೇರಿ 255ಕ್ಕಿಂತ ಹೆಚ್ಚು ಫೈಲುಗಳನ್ನು ಹೂಡಲಾಗದು ಎಂಬ ಮಿತಿ ಬಂತು; 2016ರ ವಿಶೇಷ ಆವೃತ್ತಿಯ ನಂತರ ಹಗುರ ಪ್ಲಗಿನ್ ಎಂಬ ಉಪಾಯದಿಂದ ಅದು ಸಡಿಲವಾಯಿತು. ಈ ಸಾಲಿಗೆ ಲೋಡ್ ಆರ್ಡರ್ ಎಂದು ಹೆಸರು. ಎರಡು ಮಾಡ್‌ಗಳು ಒಂದೇ ವಸ್ತುವನ್ನು ಮುಟ್ಟಿದರೆ ಸಾಲಿನಲ್ಲಿ ಹಿಂದೆ ನಿಂತದ್ದರ ಮಾತೇ ಊರ್ಜಿತ. ಒಂದು ಮಾಡ್ ಕಬ್ಬಿಣದ ಕತ್ತಿಯ ತೂಕವನ್ನು ಮಾತ್ರ ಬದಲಿಸಿ, ಅದರ ಹಿಂದಿನದು ಹೊಡೆತದ ಬಲವನ್ನು ಮಾತ್ರ ಬದಲಿಸಿದರೆ, ಎರಡೂ ಕೂಡಿಕೊಳ್ಳುವುದಿಲ್ಲ. ಕತ್ತಿಯ ಇಡೀ ದಾಖಲೆ ಹಿಂದೆ ನಿಂತ ಮಾಡ್‌ನ ಪಾಲಾಗಿ, ತೂಕ ಸದ್ದಿಲ್ಲದೆ ಮೊದಲಿನಂತಾಗುತ್ತದೆ. ಇಂಥ ತಿಕ್ಕಾಟಗಳನ್ನು ಬಣ್ಣಬಣ್ಣದ ಕಂಬಸಾಲುಗಳಲ್ಲಿ ತೋರಿಸುವ ಎಕ್ಸ್‌ಎಡಿಟ್, ಸಾಲನ್ನು ಸರಿಪಡಿಸಲು ಸೂಚಿಸುವ ಲೂಟ್, ಮೂಲ ಫೋಲ್ಡರನ್ನು ಮುಟ್ಟದೆಯೇ ಮಾಡ್‌ಗಳನ್ನು ಆಟಕ್ಕೆ ತೋರಿಸುವ ಮಾಡ್ ಆರ್ಗನೈಝರ್ ಇವೆಲ್ಲ ಆಟಗಾರರೇ ಬರೆದ ಉಪಕರಣಗಳು. ಹಾಗಾಗಿ ಈ ಪಂಥದವರಲ್ಲಿ ಕೆಲವರು ಆಡುವುದಕ್ಕಿಂತ ಜೋಡಿಸುವುದರಲ್ಲೇ ಹೆಚ್ಚು ಸಂಜೆಗಳನ್ನು ಕಳೆಯುತ್ತಾರೆಂದರೆ ಅಚ್ಚರಿಯಿಲ್ಲ.

ಒಂದೇ ಜೀವದ ಆಟದಲ್ಲಿ ಈ ಜೋಡಣೆಯೆಲ್ಲ ಪಾತ್ರ ಮೊದಲ ಹೆಜ್ಜೆ ಇಡುವ ಮುನ್ನವೇ ಮುಗಿದಿರಬೇಕು. ಮಾಡ್‌ಗಳ ಜೊತೆ ಬರುವ ಸ್ಕ್ರಿಪ್ಟುಗಳ, ಅಂದರೆ ಆಟ ನಡೆಯುವಾಗ ಹಿನ್ನೆಲೆಯಲ್ಲಿ ಓಡುವ ಸಣ್ಣ ಆದೇಶಮಾಲೆಗಳ, ಸ್ಥಿತಿಯೂ ಉಳಿಸಿದ ಫೈಲಿನೊಳಗೇ ದಾಖಲಾಗುವುದರಿಂದ, ನಡುವೆ ಒಂದು ಮಾಡನ್ನು ಕಿತ್ತುಹಾಕಿದರೆ ಅದರ ಸ್ಕ್ರಿಪ್ಟು ದಿಕ್ಕಿಲ್ಲದೆ ಫೈಲಿನಲ್ಲೇ ಉಳಿದು, ದಿನಗಳೆದಂತೆ ಆಟವನ್ನು ಕುಗ್ಗಿಸಬಹುದು. ಸಾಮಾನ್ಯ ಆಟಗಾರ ಆಗ ವಾರದ ಹಿಂದಿನ ಫೈಲಿಗೆ ಮರಳುತ್ತಾನೆ. ಒಂದೇ ಫೈಲು ಇಟ್ಟುಕೊಂಡವನಿಗೆ ಮರಳುವ ಜಾಗವಿಲ್ಲ. ಆಟದ ಭೌತಿಕ ಲೆಕ್ಕಾಚಾರ ಪರದೆಯ ಚಿತ್ರವೇಗಕ್ಕೆ ಗಂಟುಬಿದ್ದಿರುವ ಕಾರಣ, ಸೆಕೆಂಡಿಗೆ 60 ಚಿತ್ರಗಳ ಗಡಿ ಮೀರಿದರೆ ಮೇಜಿನ ಮೇಲಿನ ಪಾತ್ರೆಗಳು ತಾವಾಗಿ ಹಾರುವುದೂ, ಆರಂಭದ ದೃಶ್ಯದ ಕುದುರೆಗಾಡಿ ಲಾಗ ಹಾಕುವುದೂ ಉಂಟು. ದೈತ್ಯನ ಗದೆಯ ಏಟಿಗೆ ಪಾತ್ರ ಆಕಾಶಕ್ಕೆ ಚಿಮ್ಮುವುದನ್ನು ಆಟದ ಸೊಗಸೆಂದು ಎಲ್ಲರೂ ನಗುತ್ತ ಒಪ್ಪಿಕೊಂಡಿದ್ದಾರೆ. ಎಂಬತ್ತು ಗಂಟೆ ಸಾಕಿದ ಪಾತ್ರ ಎರಡು ಮಾಡ್‌ಗಳ ಜಗಳದಲ್ಲಿ ನೆಲದೊಳಗೆ ಜಾರಿ ಬಿದ್ದು ಸತ್ತರೆ ಅದನ್ನೂ ಹಾಗೇ ಒಪ್ಪಬೇಕೇ? ಅದು ಪಾತ್ರದ ಸಾವೋ, ಯಂತ್ರದ ಲೋಪವೋ ಎಂದು ತೀರ್ಮಾನಿಸುವವನು, ತೀರ್ಮಾನದಿಂದ ಲಾಭ ಪಡೆಯುವವನು, ಆ ದೋಷಕ್ಕೆ ಕಾರಣವಾದ ಮಾಡನ್ನು ತಂದು ಹೂಡಿದವನು, ಮೂವರೂ ಒಬ್ಬನೇ. ನೋಡುವವರಿಲ್ಲದ ಕೋಣೆಯಲ್ಲಿ ಒಬ್ಬನೇ ವಾದಿ, ಪ್ರತಿವಾದಿ, ನ್ಯಾಯಾಧೀಶನಾಗಿ ಕುಳಿತಾಗ ತೀರ್ಪು ಯಾವ ಕಡೆಗೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಫೈಲನ್ನು ಆಟಗಾರನ ಕೈಗೆ ಸಿಗದ ಕಡೆ ಇಟ್ಟ ಉದಾಹರಣೆಗಳೂ ಈ ನಡುವೆ ಬಂದವು. ಬ್ಲಿಝಾರ್ಡ್ ಸಂಸ್ಥೆ 2000ದಲ್ಲಿ ಡಯಾಬ್ಲೋ 2 ಆಟದಲ್ಲಿ ಹಾರ್ಡ್‌ಕೋರ್ ಎಂಬ ಒಂದೇ ಜೀವದ ಬಗೆಯನ್ನು ಕೊಟ್ಟಾಗ, ಇಂಟರ್ನೆಟ್ಟಿನಲ್ಲಿ ಆಡುವವರ ಪಾತ್ರಗಳನ್ನು ತನ್ನ ಸರ್ವರಿನಲ್ಲೇ ಇಟ್ಟುಕೊಂಡಿತು. 2012ರಲ್ಲಿ ನ್ಯೂಜಿಲೆಂಡಿನ ಡೀನ್ ಹಾಲ್, ಆರ್ಮಾ 2 ಎಂಬ ಯುದ್ಧದ ಆಟಕ್ಕೆ ಡೇಝೆಡ್ ಎಂಬ ಮಾಡ್ ಬರೆದು, ಹಸಿವು, ಬಾಯಾರಿಕೆ, ಶವಸೈನ್ಯ, ಎಲ್ಲಕ್ಕಿಂತ ಹೆಚ್ಚಾಗಿ ಸಹ ಆಟಗಾರರ ಗುಂಡು ಇವುಗಳ ನಡುವೆ ಬದುಕುವ ಒಂದೇ ಜೀವದ ಆಟವನ್ನು ಸೃಷ್ಟಿಸಿದಾಗ, 225 ಚದರ ಕಿಲೋಮೀಟರಿನ ಆ ಕಲ್ಪಿತ ಸೀಮೆಯ ಪಾತ್ರಗಳೆಲ್ಲ ಒಂದು ಕೇಂದ್ರ ದತ್ತಾಂಶಕೋಶದಲ್ಲಿ ಇರುತ್ತಿದ್ದವು. ಸರ್ವರ್ ಬದಲಿಸಿದರೂ ಪಾತ್ರ ಹಿಂಬಾಲಿಸುತ್ತಿತ್ತು, ಸಾವೂ ಕೂಡ. ಹಳೆಯ ಆರ್ಮಾ 2 ಆ ವರ್ಷ ಇದ್ದಕ್ಕಿದ್ದಂತೆ ಮಾರಾಟದ ಪಟ್ಟಿಯ ತುದಿಗೇರಿದ್ದು ಈ ಉಚಿತ ಮಾಡ್‌ನ ದೆಸೆಯಿಂದ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಫೈಲು ಮೊದಲಿನಿಂದಲೂ ಅದರ ಕಂಪನಿಯಾದ ಬ್ಲಿಝಾರ್ಡ್‌ನ ಸರ್ವರಿನಲ್ಲೇ ಇತ್ತು. ಇಲ್ಲದಿದ್ದುದು ಸಾವು. 2004ರ ನವೆಂಬರ್ 23ರಂದು ಆರಂಭವಾದ ಈ ಆಟ ಜನಪ್ರಿಯವಾಗಲು ಅದರ ಮೃದುತ್ವವೂ ಒಂದು ಕಾರಣ. ಅದಕ್ಕೂ ಮುಂಚಿನ ಎವರ್‌ಕ್ವೆಸ್ಟಿನಲ್ಲಿ ಸತ್ತವನು ಗಳಿಸಿದ ಅನುಭವಾಂಕವನ್ನು ಕಳೆದುಕೊಂಡು, ಬರಿಗೈಯಲ್ಲಿ ತನ್ನದೇ ಹೆಣವನ್ನು ಹುಡುಕಿಕೊಂಡು ಹೋಗಿ ಸಾಮಾನು ತರಬೇಕಿತ್ತು. ವಾರ್‌ಕ್ರಾಫ್ಟಿನಲ್ಲಾದರೋ ಆತ್ಮವೊಂದು ಹತ್ತಿರದ ಸ್ಮಶಾನದಲ್ಲಿ ಕಣ್ತೆರೆದು, ಹೆಣದ ತನಕ ಓಡಿ, ಮತ್ತೆ ಜೀವ ತಳೆಯುತ್ತದೆ. ತೊಟ್ಟ ಸಲಕರಣೆಗಳು ಹತ್ತು ಪ್ರತಿಶತ ಸವೆಯುತ್ತವೆ, ಅಷ್ಟೇ. 2019ರ ಆಗಸ್ಟಿನಲ್ಲಿ ಕಂಪನಿಯು ಆಟದ ಆರಂಭಕಾಲದ ರೂಪವನ್ನು ಕ್ಲಾಸಿಕ್ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ, ಮೂಲೆಮೂಲೆಯನ್ನೂ ಬಲ್ಲ ಹಳಬರಿಗೆ ಅದು ಬೇಗನೆ ಸಪ್ಪೆಯೆನಿಸಿರಬೇಕು. ಅವರಲ್ಲಿ ಕೆಲವರು ಒಂದೇ ಜೀವದ ಕಟ್ಟುಪಾಡು ಹಾಕಿಕೊಂಡರು: ಸತ್ತರೆ ಪಾತ್ರವನ್ನು ಅಳಿಸಬೇಕು, ಹರಾಜು ಮಾರುಕಟ್ಟೆಗೆ ಕಾಲಿಡಬಾರದು, ಬೇರೆಯವರಿಂದ ಅಂಚೆಯಲ್ಲಾಗಲಿ ಕೈಯಲ್ಲಾಗಲಿ ಏನನ್ನೂ ಪಡೆಯಬಾರದು, ಬಯಲಿನಲ್ಲಿ ಗುಂಪುಕಟ್ಟಿ ಆಡಬಾರದು. ಇಬ್ಬರು ಅಥವಾ ಮೂವರು ಜೊತೆಯಾಗಿ ಆಡುವುದಾದರೆ ಒಬ್ಬನ ಸಾವು ಎಲ್ಲರ ಸಾವು. ಪ್ಯಾಲಡಿನ್ ಎಂಬ ಧರ್ಮಯೋಧ ತನ್ನ ಅಭೇದ್ಯ ಕವಚದೊಳಗೆ ನಿಂತು, ಶತ್ರುಗಳು ಸುಮ್ಮನೆ ಬಡಿಯುತ್ತಿರುವಾಗ ಊರಿಗೆ ಮರಳುವ ಕಲ್ಲನ್ನು ಉಜ್ಜಿ ಮಾಯವಾಗುವ ಹಳೆಯ ಯುಕ್ತಿಯೂ ನಿಷಿದ್ಧ.

ಕಟ್ಟುಪಾಡು ಮಾಡುವುದು ಸುಲಭ, ಪಾಲಿಸಿದ್ದನ್ನು ತೋರಿಸುವುದು ಕಷ್ಟ. ಸರ್ವರಿನ ಲೆಕ್ಕದಲ್ಲಿ ಸತ್ತು ಎದ್ದವನಿಗೂ ಸಾಯದೇ ಇದ್ದವನಿಗೂ ಭೇದವಿರಲಿಲ್ಲ. ಆದ್ದರಿಂದ ಆ ಸಮುದಾಯಕ್ಕೆ ಬೇಕಾದದ್ದು ಕೊಲ್ಲುವ ಯಂತ್ರವಲ್ಲ, ನೋಡುತ್ತ ಕೂರುವ ಸಾಕ್ಷಿ; ಹಾರ್ಡ್‌ಕೋರ್ ಎಂಬ ಆಡ್-ಆನ್ ಆ ಕೆಲಸಕ್ಕೆಂದೇ ಹುಟ್ಟಿತು.

ಅದನ್ನು ಸ್ಥಾಪಿಸುವ ಕ್ರಮ ಸರಳ, ಆದರೆ ಎಡವುವ ಜಾಗ ಒಂದಿದೆ. ಆಟದ ಮೂಲ ಫೋಲ್ಡರಿನೊಳಗೆ ಕ್ಲಾಸಿಕ್ ಆವೃತ್ತಿಯ ಉಪಫೋಲ್ಡರ್, ಅದರೊಳಗೆ ಇಂಟರ್‌ಫೇಸ್, ಅದರೊಳಗೆ ಆಡ್‌ಆನ್ಸ್. ಇಳಿಸಿಕೊಂಡ ಜಿಪ್ ಫೈಲನ್ನು ಬಿಚ್ಚಿ ಇಲ್ಲಿಗೆ ಹಾಕಬೇಕು. ಪ್ರತಿ ಆಡ್-ಆನ್‌ನಲ್ಲೂ ಟಿಒಸಿ ಎಂಬ ಪರಿವಿಡಿ ಫೈಲು ಇರುತ್ತದೆ. ಫೋಲ್ಡರಿನ ಹೆಸರಿಗೂ ಈ ಫೈಲಿನ ಹೆಸರಿಗೂ ತಾಳೆಯಾಗಬೇಕು. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟಿಕೊಂಡರೆ, ಅಥವಾ ಹೆಸರಿಗೆ ಆವೃತ್ತಿಸಂಖ್ಯೆಯ ಬಾಲ ಅಂಟಿಕೊಂಡರೆ, ಆಟ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ತಪ್ಪೇನೆಂದು ಹೇಳುವುದೂ ಇಲ್ಲ. ಆ ಪರಿವಿಡಿಯಲ್ಲಿ ಆಟದ ಯಾವ ಆವೃತ್ತಿಗಾಗಿ ಬರೆದದ್ದು ಎಂಬ ಸಂಖ್ಯೆಯಿರುತ್ತದೆ, 1.14.3ಕ್ಕೆ ಅದು 11403. ಆಟ ಮುಂದಕ್ಕೆ ಹೋಗಿ ಈ ಸಂಖ್ಯೆ ಹಿಂದುಳಿದರೆ ಆಡ್-ಆನ್ ಹಳತೆಂದು ತಿರಸ್ಕೃತವಾಗುತ್ತದೆ; ಪಾತ್ರ ಆರಿಸುವ ಪರದೆಯಲ್ಲಿ ಹಳೆಯವನ್ನೂ ಹೂಡು ಎಂಬ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಪ್ರವೇಶ. ಕರ್ಸ್‌ಫೋರ್ಜ್‌ನಂಥ ತಾಣಗಳ ಸಹಾಯಕ ಪ್ರೋಗ್ರಾಮುಗಳು ಈ ಕೆಲಸವನ್ನೆಲ್ಲ ತಾವೇ ಮಾಡುವುದರಿಂದ ಹೆಚ್ಚಿನವರು ಫೋಲ್ಡರಿನ ಮುಖವನ್ನೇ ನೋಡಿರುವುದಿಲ್ಲ.

ಈ ಆಡ್-ಆನ್‌ಗಳನ್ನು ಬರೆಯುವುದು ಬ್ರೆಜಿಲ್ ದೇಶದಲ್ಲಿ 1993ರಲ್ಲಿ ರೂಪುಗೊಂಡ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಸ್ಕೈರಿಮ್‌ನ ಮಾಡ್‌ಗಳಿಗಿರುವ ಸ್ವಾತಂತ್ರ್ಯ ಇವಕ್ಕಿಲ್ಲ. ಇವು ಲೋಕವನ್ನು ಬದಲಿಸಲಾರವು, ಡಿಸ್ಕಿನ ಬೇರೆ ಫೈಲುಗಳನ್ನು ತೆರೆಯಲಾರವು, ಇಂಟರ್ನೆಟ್ಟಿಗೆ ನೇರವಾಗಿ ಕೈಚಾಚಲಾರವು. 2006ರ ಕೊನೆಯಲ್ಲಿ ಬಂದ ಬದಲಾವಣೆಯ ನಂತರ ಯುದ್ಧದ ನಡುವೆ ಯಾರ ಮೇಲೆ ಯಾವ ಮಂತ್ರ ಹಾಕಬೇಕೆಂದು ತಾವೇ ನಿರ್ಧರಿಸಲೂ ಆಗದು. ಆಟ ತಮಗೆ ತೋರಿಸಿದ ಸಂಗತಿಗಳನ್ನು ನೋಡಬಹುದು, ಪರದೆಯ ಮೇಲೆ ಬರೆಯಬಹುದು, ಅದೇ ಆಡ್-ಆನ್ ಹೊಂದಿರುವ ಬೇರೆ ಆಟಗಾರರಿಗೆ ಆಟದ ಮಾತುಕತೆಯ ಮಾರ್ಗದಲ್ಲಿ ಗುಟ್ಟಾಗಿ ಸಂದೇಶ ಕಳಿಸಬಹುದು, ಆಟ ಮುಗಿಸುವಾಗ ಒಂದಿಷ್ಟು ಮಾಹಿತಿಯನ್ನು ಉಳಿಸಿಡಬಹುದು. ಹಾರ್ಡ್‌ಕೋರ್ ಈ ಕಡಿಮೆ ಬಂಡವಾಳದಲ್ಲೇ ಸಂಸಾರ ಹೂಡಿತು. ಪಾತ್ರ ಸತ್ತ ಕ್ಷಣದಲ್ಲಿ ಅದನ್ನು ಗುರುತು ಹಾಕಿಕೊಂಡು ಗಿಲ್ಡಿಗೆ, ಅಂದರೆ ಆಟಗಾರರ ಸಂಘಕ್ಕೆ, ಸುದ್ದಿ ಮುಟ್ಟಿಸುತ್ತಿತ್ತು. ಹರಾಜಿನ ಕಿಟಕಿ ತೆರೆದರೆ ಮುಚ್ಚುತ್ತಿತ್ತು. ಯಾವ ನೆಲಮಾಳಿಗೆಗೆ ಎಷ್ಟು ಬಾರಿ ಹೋದದ್ದೆಂದು ಬರೆದುಕೊಳ್ಳುತ್ತಿತ್ತು.

ಆಡ್-ಆನ್ ಆರಿಸಿಟ್ಟು ಸತ್ತು, ಎದ್ದು, ಮತ್ತೆ ಹಚ್ಚಿಕೊಂಡರೆ? ಇದಕ್ಕೆ ಕಂಡುಕೊಂಡ ಪರಿಹಾರ ಆ ಇಡೀ ವ್ಯವಸ್ಥೆಯಲ್ಲೇ ಜಾಣತನದ್ದು. ಪಾತ್ರವೊಂದು ಒಟ್ಟು ಎಷ್ಟು ಹೊತ್ತು ಲೋಕದಲ್ಲಿತ್ತು ಎಂಬ ಲೆಕ್ಕ ಸರ್ವರಿನಲ್ಲಿರುತ್ತದೆ, ಆ ಪಾತ್ರದ ಆಟಗಾರ ಒಂದು ಆದೇಶದಿಂದ ಅದನ್ನು ಕೇಳಬಹುದು. ತಾನು ಕಣ್ಣಿಟ್ಟು ಕಾದ ಹೊತ್ತನ್ನು ಆಡ್-ಆನ್ ಬೇರೆಯಾಗಿ ಲೆಕ್ಕವಿಡುತ್ತದೆ. ಎರಡರ ನಡುವೆ ಅಂತರ ಬೆಳೆದರೆ ಅಷ್ಟು ಹೊತ್ತು ಸಾಕ್ಷಿಯಿಲ್ಲದೆ ಕಳೆದದ್ದೆಂದು ಅರ್ಥ. ತೊಡಕು ಒಂದೇ. ಆಡ್-ಆನ್‌ನ ಲೆಕ್ಕ ಡಿಸ್ಕಿಗೆ ಇಳಿಯುವುದು ಆಟಗಾರ ಕ್ರಮಬದ್ಧವಾಗಿ ಹೊರಬಂದಾಗ ಅಥವಾ ಪರದೆಯನ್ನು ಮರುಹೂಡಿದಾಗ ಮಾತ್ರ. ಕರೆಂಟು ಹೋದರೆ, ಆಟ ಕ್ರ್ಯಾಶ್ ಆದರೆ, ಕೂತು ಆಡಿದ ಅಷ್ಟೂ ಹೊತ್ತಿನ ದಾಖಲೆ ಆವಿಯಾಗುತ್ತದೆ, ಸರ್ವರಿನ ಗಡಿಯಾರ ಮಾತ್ರ ಮುಂದೆ ಓಡಿರುತ್ತದೆ. ಪ್ರಾಮಾಣಿಕನ ಲೆಕ್ಕವೂ ಮೋಸಗಾರನ ಲೆಕ್ಕವೂ ಆಗ ಒಂದೇ ರೀತಿ ಕಾಣುವುದರಿಂದ, ಮೇಲ್ಮನವಿಗಳನ್ನು ಪರಿಶೀಲಿಸುವ ಮನುಷ್ಯರು ಬೇಕಾದರು. ತಮ್ಮ ಆಟದ ದೃಶ್ಯಮುದ್ರಿಕೆಯನ್ನು ಪುರಾವೆಯಾಗಿ ಇಟ್ಟುಕೊಳ್ಳುವ ಅಭ್ಯಾಸವೂ ಬೆಳೆಯಿತು. ಉಳಿಸಿದ ಮಾಹಿತಿ ಯಾರು ಬೇಕಾದರೂ ತೆರೆಯಬಹುದಾದ ಸಾದಾ ಪಠ್ಯವಾಗಿದ್ದದ್ದು ಇನ್ನೊಂದು ಬಿರುಕು. ಹಾಗಿದ್ದೂ ಈ ಸಾಕ್ಷಿವ್ಯವಸ್ಥೆ ವರ್ಷಗಟ್ಟಲೆ ನಿಂತಿತೆಂದರೆ, ಅದಕ್ಕೆ ಕಾರಣ ತಾಂತ್ರಿಕ ಭದ್ರತೆಗಿಂತ ಸಂಘದ ಮರ್ಯಾದೆ ಎಂದೇ ಹೇಳಬೇಕು. ಗುಟ್ಟಾಗಿ ಅಡುಗೆಮನೆಗೆ ಹೋಗುವವನೂ ನಾಲ್ಕು ಜನ ಪಂಕ್ತಿಯಲ್ಲಿ ಕುಳಿತಾಗ ತಾಳಿಕೊಳ್ಳುತ್ತಾನೆ.

ಇಂಥ ಬಿಗಿಯಲ್ಲಿ ಆಡುವವರು ಸಾಯುವ ಬಗೆ ಹೊರಗಿನವರ ಊಹೆಗಿಂತ ಬೇರೆ. ಡ್ರ್ಯಾಗನ್ನು, ಮಹಾಮಾಂತ್ರಿಕರ ಕೈಯಲ್ಲಿ ಸಾಯುವಷ್ಟು ದೂರ ಬಹುಪಾಲು ಪಾತ್ರಗಳು ಬರುವುದೇ ಇಲ್ಲ. ಮನುಷ್ಯಕುಲದ ಆಟಗಾರರು ಹತ್ತನೆಯ ಲೆವೆಲ್ಲಿನ ಆಸುಪಾಸಿನಲ್ಲಿ ಕಾಲಿಡುವ ವೆಸ್ಟ್‌ಫಾಲ್ ಎಂಬ ಪಾಳುಬಿದ್ದ ಹೊಲಗಳ ಸೀಮೆಯಲ್ಲಿ ಡಿಫಯಸ್ ಪಿಲೇಜರ್ ಎಂಬ ಕೆಂಪು ಮುಖವಸ್ತ್ರದ ಡಕಾಯಿತನಿದ್ದಾನೆ. ಅವನದು ಹದಿನಾಲ್ಕು ಹದಿನೈದನೆಯ ಲೆವೆಲ್ಲು, ಕೈಯಲ್ಲಿ ಬೆಂಕಿಯುಂಡೆಯ ಮಂತ್ರ. ಎದುರಾಳಿಯ ಲೆವೆಲ್ಲು ಹೆಚ್ಚಿದಷ್ಟೂ ಆತ ದೂರದಿಂದಲೇ ಆಟಗಾರನನ್ನು ಕಂಡು ಎರಗುತ್ತಾನೆ, ಆಟಗಾರನ ಏಟುಗಳು ಹೆಚ್ಚು ಹೆಚ್ಚಾಗಿ ಗುರಿತಪ್ಪುತ್ತವೆ. ಹೇಗೋ ಹೊಡೆದು ಅವನ ಪ್ರಾಣ ಕೊನೆಯ ಕೆಲವು ಅಂಕಗಳಿಗೆ 
ಇಳಿದಾಗ ಅವನು ಬೆನ್ನು ತಿರುಗಿಸಿ ಓಡುತ್ತಾನೆ. ಓಡುವ ದಾರಿಯಲ್ಲಿರುವ ಸಂಗಡಿಗರನ್ನು ಕರೆದುಕೊಂಡು ಹಿಂತಿರುಗುತ್ತಾನೆ. ಒಬ್ಬನಿದ್ದಲ್ಲಿ ಮೂವರು. ಈಗ ಆಟಗಾರನ ಸರದಿ ಓಡುವುದು. ಆದರೆ ಕ್ಲಾಸಿಕ್ ಆಟದಲ್ಲಿ ಬೆನ್ನಿನ ಮೇಲೆ ಬಿದ್ದ ಏಟಿಗೆ ಪಾತ್ರ ತತ್ತರಿಸಿ ಅದರ ವೇಗ ಅರ್ಧಕ್ಕಿಳಿಯುವ ಸಂಭವವಿದೆ, ಹಾಗೆ ನಿಧಾನವಾದ ಬೆನ್ನಿಗೆ ಇನ್ನೊಂದು ಏಟು ಬೀಳುವುದು ಇನ್ನೂ ಸುಲಭ. ಸಾಮಾನ್ಯ ಆಟದಲ್ಲಿ ಎರಡು ನಿಮಿಷದ ಓಟದಿಂದ ಸರಿಹೋಗುವ ಈ ಅವಘಡವನ್ನು ಹಾರ್ಡ್‌ಕೋರ್ ಆಟಗಾರರು ಒಬ್ಬೊಬ್ಬ ಸೇನಾಧಿಪತಿಯಂತೆ ಅಧ್ಯಯನ ಮಾಡುತ್ತಾರೆ. ಗಣಿಯೊಳಗೆ ಇಳಿಯುವವರು ಹಿಂದೆ ಕೊಂದುಬಂದ ಶತ್ರುಗಳು ಕೆಲವು ನಿಮಿಷಗಳಲ್ಲಿ ಮತ್ತೆ ಹುಟ್ಟಿ ದಾರಿ ಕಟ್ಟುವ ಹೊತ್ತನ್ನು ಮನಸ್ಸಿನಲ್ಲೇ ಎಣಿಸುತ್ತಿರುತ್ತಾರೆ.

2023ರ ಆಗಸ್ಟ್ 24ರಂದು ಬ್ಲಿಝಾರ್ಡ್ ಅಧಿಕೃತ ಹಾರ್ಡ್‌ಕೋರ್ ಸರ್ವರುಗಳನ್ನು ತೆರೆಯಿತು. ಅಲ್ಲಿ ಸತ್ತ ಪಾತ್ರ ಆತ್ಮವಾಗಿಯೇ ಉಳಿಯುತ್ತದೆ. ಬೇಕಾದರೆ ಸಾಮಾನ್ಯ ಸರ್ವರಿಗೆ ವರ್ಗವಾಗಿ ಜೀವ ಪಡೆಯಬಹುದು, ಈ ಕಡೆಗೆ ಮಾತ್ರ ಮರಳುವಂತಿಲ್ಲ. ಸಾಕ್ಷಿ ಹೇಳುತ್ತಿದ್ದ ಆಡ್-ಆನ್‌ನ ಕೆಲಸ ಒಂದೇ ದಿನದಲ್ಲಿ ಸರ್ವರಿಗೆ ಹೋಯಿತು. ಆದರೆ ಸಮುದಾಯದ ಕಟ್ಟುಪಾಡುಗಳಲ್ಲಿ ಕಂಪನಿ ತೆಗೆದುಕೊಂಡದ್ದು ಮುಖ್ಯವಾಗಿ ಸಾವನ್ನು; ಹರಾಜು, ಕೊಡುಕೊಳ್ಳುವಿಕೆ, ಗುಂಪು ಎಲ್ಲವೂ ಮುಕ್ತವಾದವು, ಒಂದು ನೆಲಮಾಳಿಗೆಗೆ ದಿನಕ್ಕೊಮ್ಮೆ ಎಂಬ ಮಿತಿ ಇತ್ತು. ಯಾರ ನೆರವೂ ಇಲ್ಲದೆ ಗಳಿಸಿದ್ದರಲ್ಲೇ ಬದುಕುವ ಬಗೆಯನ್ನು 2024ರಲ್ಲಿ ಐಚ್ಛಿಕವಾಗಿ ಸೇರಿಸಿ ಆ ಕೊರತೆಯನ್ನೂ ಒಂದಿಷ್ಟು ತುಂಬಲಾಯಿತು. ಮಾಕ್‌ಗೋರಾ ಎಂಬ ಸಾಯುವವರೆಗಿನ ದ್ವಂದ್ವಯುದ್ಧಕ್ಕೂ ಅಲ್ಲಿ ಅವಕಾಶವಿದೆ; ಗೆದ್ದವನ ಕಿವಿಗಳ ಹಾರಕ್ಕೆ ಸೋತವನ ಕಿವಿಯೂ ಸೇರಿದ ಲೆಕ್ಕ.

ಸಾಕ್ಷಿಯ ಕೆಲಸ ಕಳೆದುಕೊಂಡ ಆಡ್-ಆನ್‌ಗಳು ಎಚ್ಚರಿಕೆಯ ಕೆಲಸ ಹಿಡಿದವು. ಡೆತ್‌ಲಾಗ್ ಎಂಬುದು ಯಾರು, ಎಲ್ಲಿ, ಯಾವ ಲೆವೆಲ್ಲಿನಲ್ಲಿ, ಯಾರಿಂದ ಸತ್ತರು ಎಂಬುದನ್ನು ಕಲೆಹಾಕಿ, ನಕ್ಷೆಯ ಮೇಲೆ ಸಾವು ದಟ್ಟವಾಗಿರುವ ಜಾಗಗಳನ್ನು ಬಣ್ಣದಿಂದ ತೋರಿಸುತ್ತದೆ. ಕ್ವೆಸ್ಟಿ ಎಂಬುದು ಮಾಡಬೇಕಾದ ಕೆಲಸಗಳ ಜಾಗವನ್ನು ಮೊದಲೇ ಚುಕ್ಕಿಯಿಟ್ಟು ತೋರಿಸುತ್ತದೆ. ಇವುಗಳನ್ನೆಲ್ಲ ಹೂಡಿಕೊಂಡು ಆಡುವವರ ಸಾವು ಕಡಿಮೆಯಾಗಬಹುದು, ಆದರೆ ರೋಗ್ ಬಯಸಿದ್ದ, ಏನಿದೆಯೋ ಎಂದು ತಿಳಿಯದೆ ಬಾಗಿಲು ತಳ್ಳುವ ಅಳುಕು ಅವರ ಆಟದಲ್ಲಿ ಉಳಿದಿರುವುದಿಲ್ಲ. ಅಪಾಯವನ್ನು ಹಣಕೊಟ್ಟು ತರಿಸಿಕೊಂಡು ಅದಕ್ಕೆ ವಿಮೆಯನ್ನೂ ಮಾಡಿಸುವ ಈ ಬುದ್ಧಿವಂತಿಕೆಗೆ ತಪ್ಪು ಹುಡುಕುವುದೂ ಕಷ್ಟ. ಅರವತ್ತನೆಯ ಲೆವೆಲ್ಲಿಗೆ ಏರುವುದು ನೂರು ಗಂಟೆಗಳಿಗೂ ಮೀರಿದ ಕೆಲಸ.

ಸರ್ವರ್ ಸಾಕ್ಷಿಯಾದ ಮೇಲೆ, ಸ್ಕೈರಿಮ್ ಆಟಗಾರ ಒಬ್ಬನೇ ಕೂತು ತೀರ್ಮಾನಿಸಬೇಕಾಗಿದ್ದ ಪ್ರಶ್ನೆ ಕಂಪನಿಯ ಮೇಜಿಗೆ ಬಂತು. ಸಂಪರ್ಕ ಕಡಿದ ಮಾತ್ರಕ್ಕೆ ಪಾತ್ರ ಲೋಕದಿಂದ ಕೂಡಲೇ ಮರೆಯಾಗುವುದಿಲ್ಲ. ಕೆಲಹೊತ್ತು ಅಲ್ಲೇ ನಿಂತು ಏಟು ತಿನ್ನುತ್ತಿರುತ್ತದೆ. ಹೀಗೆ ಸತ್ತವರ ವಿಷಯದಲ್ಲಿ ಕಂಪನಿಯ ನಿಲುವು ಕಟುವಾಗಿತ್ತು: ಕಾರಣ ಏನೇ ಇರಲಿ, ಸಂಪರ್ಕದ ತೊಂದರೆಯೇ ಇರಲಿ, ಪಾತ್ರವನ್ನು ಎಬ್ಬಿಸುವುದಿಲ್ಲ. 2025ರ ಮಾರ್ಚಿನಲ್ಲಿ ಓನ್ಲಿಫ್ಯಾಂಗ್ಸ್ ಎಂಬ, ಆಟವನ್ನು ನೇರಪ್ರಸಾರ ಮಾಡುವವರೇ ಕೂಡಿದ್ದ ಗಿಲ್ಡು ಬ್ಲ್ಯಾಕ್‌ವಿಂಗ್ ಲೇರ್ ಎಂಬ ದೊಡ್ಡ ನೆಲಮಾಳಿಗೆಯಲ್ಲಿ ಹೋರಾಡುತ್ತಿದ್ದಾಗ, ಯಾರೋ ಹೊರಗಿನಿಂದ ಸರ್ವರಿನ ಮೇಲೆ ಡಿಡಾಸ್ ದಾಳಿ ಮಾಡಿದರು. ಲೆಕ್ಕವಿಲ್ಲದಷ್ಟು ಸುಳ್ಳು ಕೋರಿಕೆಗಳನ್ನು ಒಮ್ಮೆಗೇ ನುಗ್ಗಿಸಿ ಸರ್ವರನ್ನು ಉಸಿರುಕಟ್ಟಿಸುವ ಬಗೆಯಿದು. ಪರದೆಗಳು ಸ್ತಬ್ಧವಾದವು, ಪಾತ್ರಗಳು ಸತ್ತವು. ಬ್ಲಿಝಾರ್ಡ್ ಆಗ ಮೊದಲ ಬಾರಿಗೆ ತನ್ನ ನಿಯಮದಿಂದ ಸರಿದು, ದಾಳಿಯಿಂದ ಸತ್ತ ಪಾತ್ರಗಳನ್ನು ಎಬ್ಬಿಸುವುದಾಗಿ ಪ್ರಕಟಿಸಿತು. ಮೂರನೆಯವರು ದುರುದ್ದೇಶದಿಂದ ನಡೆಸಿದ ದಾಳಿ ಉಳಿದ ಸಾವುಗಳಂತಲ್ಲ ಎಂಬುದು ಅದು ಕೊಟ್ಟ ಸಮರ್ಥನೆ.

ತರ್ಕ ಒಪ್ಪುವಂಥದ್ದೇ. ಆದರೆ ಎಬ್ಬಿಸುವ ಕೈ ಇದೆ ಎಂದು ಒಮ್ಮೆ ಗೊತ್ತಾದ ಮೇಲೆ, ಯಾವ ಸಾವಿಗೆ ಆ ಕೈ ಚಾಚಬೇಕು ಎಂಬ ವಾದ ತಪ್ಪಿದ್ದಲ್ಲ. ಪ್ರಸಿದ್ಧರು ಸತ್ತಾಗ ಕರಗಿದ ಮನಸ್ಸು ಹೆಸರಿಲ್ಲದವರು ಸತ್ತಾಗ ಕರಗಲಿಲ್ಲವೇಕೆ ಎಂದು ಕೇಳುವವರಿಗೂ ಆಧಾರವಿದೆ, ಏಕೆಂದರೆ ವಿನಾಯಿತಿಯನ್ನು ಯಾವಾಗ ಬಳಸಬೇಕೆಂಬುದು ಪೂರ್ತಿ ಕಂಪನಿಯ ವಿವೇಚನೆಗೆ ಬಿಟ್ಟದ್ದು. ಮನೆಯ ಇಂಟರ್ನೆಟ್ ಕೈಕೊಟ್ಟು ವೆಸ್ಟ್‌ಫಾಲಿನ ಹೊಲದಲ್ಲಿ ಸತ್ತವನಿಗೆ ಅದು ಅನ್ವಯಿಸುವುದಿಲ್ಲ. ಅವನಿಗಿರುವುದು ಸಾಮಾನ್ಯ ಸರ್ವರಿಗೆ ವರ್ಗಾವಣೆ, ಇಲ್ಲವೇ ಹೊಸ ಹೆಸರಿನಲ್ಲಿ ಒಂದನೆಯ ಲೆವೆಲ್ಲಿನಿಂದ ಮತ್ತೊಂದು ಪಾತ್ರ.